ಒಡಕು ಬಿದ್ದ ಬ್ಯಾಂಡ್‌ನಲ್ಲಿ ಜಾನಪದ ರಾಕ್ ಆಲ್ಬಂ ಮುಗಿಸುವ ಬಗೆ

ಬ್ಯಾಂಡಿನೊಳಗೆ ಮುಸುಕಿನ ಗುದ್ದಾಟ ಶುರುವಾಗಿದೆ, ಹಾಡುಗಳು ಮಾತ್ರ ತಯಾರಾಗಿವೆ ಎನ್ನುವ ಹೊತ್ತಿನಲ್ಲಿ ಆಲ್ಬಂ ಮಾಡಲು ಹೊರಟವರು ಮೊದಲು ಬದಲಿಸಬೇಕಾದದ್ದು ಕೆಲಸದ ಕ್ರಮವನ್ನು. ಒಂದು ಹಾಡು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈಹಾಕುವ ಪದ್ಧತಿ ನೆಮ್ಮದಿಯಾಗಿರುವ ಬ್ಯಾಂಡಿಗೆ ಸರಿ. ಇಲ್ಲಿ ಹಾಗೆ ಮಾಡಿದರೆ, ಆರನೇ ಹಾಡಿನ ಹೊತ್ತಿಗೆ ಒಬ್ಬರು ಎದ್ದು ಹೋದರೂ ಅರ್ಧ ಆಲ್ಬಂ ಮಾತ್ರ ಉಳಿಯುತ್ತದೆ. ಅರ್ಧ ಆಲ್ಬಂ ಯಾರಿಗೂ ಬೇಡ. ಎಲ್ಲರೂ ಒಂದೇ ಕೋಣೆಯಲ್ಲಿ ಇರಲೇಬೇಕಾದ ಕೆಲಸವನ್ನು ಹತ್ತೂ ಹಾಡಿಗೆ ಮೊದಲು ಮುಗಿಸಿ. ಇಬ್ಬರು ಮೂವರು ಸಾಕಾಗುವ ಕೆಲಸ ಆಮೇಲೆ. ಒಬ್ಬೊಬ್ಬರೇ ಬಂದು ಮಾಡಿ ಹೋಗಬಹುದಾದದ್ದು ಕೊನೆಗೆ. ಕೆಳಗೆ ಹೇಳಿರುವುದೆಲ್ಲ ಹೆಚ್ಚುಕಡಿಮೆ ಈ ಒಂದು ತೀರ್ಮಾನದಿಂದಲೇ ಹೊರಡುತ್ತದೆ.

ಜಗಳ ಎಲ್ಲಿದೆ ಎಂದು ಮೊದಲು ನೋಡಿ

ಜಾನಪದ ರಾಕ್‌ನಲ್ಲಿ ಬಿರುಕು ಬಿಡುವ ಜಾಗಗಳು ಬಹುಮಟ್ಟಿಗೆ ಗೊತ್ತಿರುವಂಥವೇ. ಒಂದು, ಹಳೆಯ ಹಾಡುಗಳನ್ನೇ ಹಾಡಬೇಕು ಎನ್ನುವವರಿಗೂ ಸ್ವಂತ ಹಾಡು ಬರೆಯುವವರಿಗೂ ನಡುವೆ. ಬ್ರಿಟನ್ನಿನ ಫೇರ್‌ಪೋರ್ಟ್ ಕನ್ವೆನ್ಷನ್ ತನ್ನ ಹೆಸರಾಂತ ಜಾನಪದ ರಾಕ್ ಆಲ್ಬಮ್ಮನ್ನು 1969ರ ಕೊನೆಯಲ್ಲಿ ಧ್ವನಿಮುದ್ರಿಸಿತು. ಅದು ಡಿಸೆಂಬರಿನಲ್ಲಿ ಬಿಡುಗಡೆಯಾಗುವ ಮೊದಲೇ ಗಾಯಕಿ ಸ್ಯಾಂಡಿ ಡೆನಿ, ಬೇಸ್ ನುಡಿಸುತ್ತಿದ್ದ ಆಶ್ಲಿ ಹಚಿಂಗ್ಸ್ ಇಬ್ಬರೂ ಹೊರನಡೆದಿದ್ದರು. ಹಚಿಂಗ್ಸ್‌ಗೆ ಸಾಂಪ್ರದಾಯಿಕ ಹಾಡುಗಳಲ್ಲೇ ಇನ್ನಷ್ಟು ಆಳಕ್ಕಿಳಿಯಬೇಕಿತ್ತು, ಸ್ಟೀಲೈ ಸ್ಪ್ಯಾನ್ ಕಟ್ಟಿದರು. ಡೆನಿಗೆ ಸ್ವಂತ ಹಾಡುಗಳು ಬೇಕಿದ್ದವು, ಫಾದರಿಂಗೇ ಕಟ್ಟಿದರು. ಆಲ್ಬಂ ಮಾತ್ರ ಉಳಿಯಿತು, ಏಕೆಂದರೆ ಧ್ವನಿಮುದ್ರಣ ಅಷ್ಟರಲ್ಲಿ ಮುಗಿದಿತ್ತು.

ಎರಡನೆಯದು ಸದ್ದಿನ ಜಗಳ: ಡ್ರಮ್ಸ್ ಮತ್ತು ಎಲೆಕ್ಟ್ರಿಕ್ ಗಿಟಾರ್ ಒಂದು ಕಡೆ, ಪಿಟೀಲು, ಮ್ಯಾಂಡೊಲಿನ್, ಕೊಳಲು ಇನ್ನೊಂದು ಕಡೆ. ಮೂರನೆಯದು ಹಣ ಮತ್ತು ಹೆಸರಿನದು. ಬ್ಯಾಂಡಿನವರು ಬಾಯಿಬಿಟ್ಟು ಆಡುವುದು ಎರಡನೆಯ ಜಗಳವನ್ನು, ಒಳಗೆ ಕೊರೆಯುತ್ತಿರುವುದು ಸಾಮಾನ್ಯವಾಗಿ ಮೂರನೆಯದು. ಆದ್ದರಿಂದ ಮೈಕ್ ಹಚ್ಚುವ ಮೊದಲು ಕಾಗದದ ಕೆಲಸ ಮುಗಿಸಿ.

ಪಾಲುಪಟ್ಟಿ

ಹಾಡಿಗೆ ಎರಡು ಬೇರೆಬೇರೆ ಹಕ್ಕುಗಳಿರುತ್ತವೆ: ಸಾಹಿತ್ಯ ಮತ್ತು ಮಟ್ಟಿನ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಮತ್ತೊಂದು. ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆದು ಸಹಿ ಹಾಕಿದ ಬ್ಯಾಂಡುಗಳು ಆಮೇಲೆ ವರ್ಷಗಟ್ಟಲೆ ಕಚ್ಚಾಡುತ್ತವೆ. ಪ್ರತಿ ಹಾಡಿಗೂ ಒಂದು ಹಾಳೆ ಇಟ್ಟುಕೊಳ್ಳಿ. ಅದರಲ್ಲಿ ಸಾಹಿತ್ಯ ಯಾರದು, ಮಟ್ಟು ಯಾರದು, ಯಾರಿಗೆ ನೂರಕ್ಕೆ ಎಷ್ಟು ಎಂದು ಬರೆದು, ಮೊತ್ತ ಸರಿಯಾಗಿ 100 ಆಗುತ್ತದೆಯೇ ನೋಡಿ, ಎಲ್ಲರೂ ಸಹಿ ಹಾಕಿ. ಧ್ವನಿಮುದ್ರಣದ ಹಕ್ಕಿಗೆ ಇಡೀ ಆಲ್ಬಮ್ಮಿಗೆ ಒಂದೇ ಹಾಳೆ ಸಾಕು. ಅಲ್ಲಿ ಸಮಪಾಲು ಮಾಡಿದರೆ ತಂಟೆ ಕಡಿಮೆ.

ಹಳೆಯ ಜನಪದ ಹಾಡು ಯಾರ ಸ್ವತ್ತೂ ಅಲ್ಲ. ಆದರೆ ಅದಕ್ಕೆ ನೀವು ಕೂಡಿಸಿದ ಸ್ವರಜೋಡಣೆ, ನಡುವೆ ವಾದ್ಯ ಮಾತ್ರ ನುಡಿಯುವ ಹೊಸ ಗತ್ತು, ಬದಲಿಸಿದ ಲಯ ಇವಕ್ಕೆ ಹಕ್ಕು ಹುಟ್ಟುತ್ತದೆ. ‘ಸಾಂಪ್ರದಾಯಿಕ, ಸಂಯೋಜನೆ ಇಡೀ ಬ್ಯಾಂಡ್’ ಎಂದು ಬರೆಯುವುದು ನ್ಯಾಯವಾದ ದಾರಿ. ಇಲ್ಲಿ ಒಂದು ಗುಂಡಿಯಿದೆ. ಹಾಡನ್ನು ನೀವು ಕಲಿತದ್ದು ಇನ್ನೊಬ್ಬ ಕಲಾವಿದರ ಧ್ವನಿಮುದ್ರಣದಿಂದಾದರೆ, ನಿಮ್ಮ ಕಿವಿಯಲ್ಲಿ ಕೂತಿರುವ ಗಿಟಾರ್ ಗತ್ತು ಅವರ ಸಂಯೋಜನೆಯಾಗಿರಬಹುದು. ಹಾಡಿನ ಇನ್ನೂ ಎರಡು ಮೂರು ಪಾಠಗಳನ್ನು ಹುಡುಕಿ ಕೇಳಿ, ಎಲ್ಲಕ್ಕೂ ಸಮಾನವಾದದ್ದನ್ನು ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಹೊಸದಾಗಿ ಕಟ್ಟಿ.

ಜೊತೆಗೆ ಒಂದು ಪುಟದ ನಿರ್ಗಮನ ಒಪ್ಪಂದವೂ ಬೇಕು. ನಡುವೆ ಬಿಟ್ಟುಹೋದವರ ನುಡಿಸಾಣಿಕೆಯನ್ನು ಆಲ್ಬಮ್ಮಿನಲ್ಲಿ ಇಟ್ಟುಕೊಳ್ಳಬಹುದೇ, ಅವರ ಪಾಲು ಹಾಗೇ ಇರುತ್ತದೆಯೇ, ಬ್ಯಾಂಡಿನ ಹೆಸರು ಯಾರ ಬಳಿ ಉಳಿಯುತ್ತದೆ, ಅಲ್ಲಿಯವರೆಗೆ ಆದ ಖರ್ಚನ್ನು ಯಾರು ಹೊರುತ್ತಾರೆ. ಎಲ್ಲರೂ ಇನ್ನೂ ಮಾತಾಡುತ್ತಿರುವಾಗ ಇದು ಒಂದು ಸಂಜೆಯ ಕೆಲಸ. ಮಾತು ನಿಂತ ಮೇಲೆ ವಕೀಲರ ಕೆಲಸ.

ಕೊನೆಯ ಮಾತು ಯಾರದೆಂಬುದನ್ನೂ ಈಗಲೇ ಗೊತ್ತುಮಾಡಿ. ಬ್ಯಾಂಡಿನ ಹೊರಗಿನ ಒಬ್ಬ ನಿರ್ಮಾಪಕ ಸಿಕ್ಕಿದರೆ ಅತ್ಯುತ್ತಮ. ಸಿಗದಿದ್ದರೆ ಪ್ರತಿ ಹಾಡಿಗೆ ಒಬ್ಬೊಬ್ಬರನ್ನು ಯಜಮಾನರನ್ನಾಗಿ ಮಾಡಿ, ಆ ಹಾಡಿನ ಮಟ್ಟಿಗೆ ಅವರು ಹೇಳಿದ್ದೇ ಅಂತಿಮ. ಹಾಡು ಬರೆದವರೇ ಯಜಮಾನರಾಗಬೇಕಿಲ್ಲ. ಆಗದಿದ್ದರೆ ಎಷ್ಟೋ ಸಲ ಹಾಡಿಗೇ ಒಳ್ಳೆಯದು.

ಹಾಡುಗಳ ಆಯ್ಕೆ, ಡೆಮೊ

ಹದಿನಾಲ್ಕು ಹಾಡು ತಂದು ಹತ್ತನ್ನು ಉಳಿಸಿ. ಒಟ್ಟು 38ರಿಂದ 44 ನಿಮಿಷ ಸಾಕು. ವಿನೈಲ್ ಒತ್ತಿಸುವ ಯೋಚನೆಯಿದ್ದರೆ ಒಂದು ಬದಿಗೆ 20 ನಿಮಿಷದ ಆಸುಪಾಸಿನಲ್ಲಿರಲಿ. ಉದ್ದವಾದಷ್ಟೂ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕಾಗಿ ಸದ್ದಿನ ಮಟ್ಟ ಇಳಿಯುತ್ತದೆ. ಆಯ್ಕೆಯನ್ನು ಕೈಯೆತ್ತಿಸಿ ಮಾಡಬೇಡಿ, ಕೂಡಲೇ ಬಣ ಹುಟ್ಟುತ್ತದೆ. ಪ್ರತಿಯೊಬ್ಬರೂ ಹದಿನಾಲ್ಕಕ್ಕೂ ಅಂಕ ಬರೆದು ಮಡಚಿ ಕೊಡಲಿ. ತಲೆಗೊಂದು ತಡೆ ಹಾಕುವ ಅಧಿಕಾರವೂ ಇರಲಿ, ಒಂದೇ ಒಂದು. ಬೇಡವೆಂದು ಮನಸ್ಸಿನಲ್ಲೇ ಇಟ್ಟುಕೊಂಡು ನುಡಿಸಿದ ಹಾಡು ಟೇಕಿನಲ್ಲಿ (ಒಂದು ಸಲದ ಮುದ್ರಣದಲ್ಲಿ) ಗೊತ್ತಾಗಿಬಿಡುತ್ತದೆ.

ಡೆಮೊಗೆ, ಅಂದರೆ ಹಾಡಿನ ಕರಡು ಮುದ್ರಣಕ್ಕೆ, ಫೋನ್ ಸಾಕು. ಅದರಿಂದ ತೀರ್ಮಾನವಾಗಬೇಕಾದದ್ದು ಮೂರೇ: ಶ್ರುತಿ, ಲಯದ ವೇಗ, ಹಾಡಿನ ರಚನೆ. ಶ್ರುತಿಯನ್ನು ಗಾಯಕರ ಗಂಟಲಿಗೆ ಹೊಂದಿಸಿ; ಗಿಟಾರಿಗೆ ಶ್ರುತಿ ಏರಿಸುವ ಕಾಪೊ ಪಟ್ಟಿ ಹಾಕಬಹುದು, ಗಂಟಲಿಗೆ ಹಾಕಲಾಗದು. ವೇಗವನ್ನು ಡೆಮೊದಲ್ಲಿ ಅಳೆದರೆ ಹಾಡು ಮೊದಲಿಗೆ ನಿಮಿಷಕ್ಕೆ 112 ಬೀಟ್ ಇದ್ದು ಕೊನೆಯ ಪಲ್ಲವಿಗೆ 116 ಮುಟ್ಟಿರುವುದು ಕಾಣಬಹುದು. ಜಾನಪದ ಹಾಡಿಗೆ ಇದು ದೋಷವಲ್ಲ, ಅದರ ಉಸಿರೇ ಹಾಗೆ. ಕ್ಲಿಕ್ (ಕಿವಿಯಲ್ಲಿ ಟಿಕ್ ಟಿಕ್ ಎಂದು ಲಯ ತೋರುವ ಸದ್ದು) ಬೇಕು ಎನ್ನುವ ಡ್ರಮ್ಮರ್, ಬೇಡ ಎನ್ನುವ ಪಿಟೀಲುವಾದಕ ಇಬ್ಬರೂ ಇದ್ದರೆ, ಡೆಮೊದ ವೇಗವನ್ನೇ ಅನುಸರಿಸುವ ಟೆಂಪೊ ಮ್ಯಾಪ್ ಮಾಡಿ: ಮೊದಲ ಚರಣಕ್ಕೆ 112, ಪಲ್ಲವಿಗೆ 113, ನಡುವಿನ ಗತ್ತಿಗೆ 115. ತಾಳವಿಲ್ಲದೆ ಎಳೆದು ಹಾಡುವ ಶುರುವಿನ ಭಾಗಕ್ಕೆ ಕ್ಲಿಕ್ ಬೇಡವೇ ಬೇಡ. ತಾಳ ಹಿಡಿಯುವ ಜಾಗದಿಂದ ಶುರುವಾಗಲಿ.

ಶ್ರುತಿಯ ಜಗಳ ಯಾಕೆ ಬಗೆಹರಿಯುವುದಿಲ್ಲ

ಪಿಟೀಲು ಬೇಸುರ ಎಂದು ಗಿಟಾರಿನವರು, ಗಿಟಾರೇ ಬೇಸುರ ಎಂದು ಪಿಟೀಲಿನವರು. ಹೆಚ್ಚಿನ ಸಲ ಇಬ್ಬರೂ ಸರಿ. ಮೆಟ್ಟಿಲುಗಳಿರುವ ಗಿಟಾರಿನಲ್ಲಿ ಮೇಜರ್ ಮೂರನೇ ಸ್ವರ ಷಡ್ಜದಿಂದ 400 ಸೆಂಟ್ಸ್ ಮೇಲಿರುತ್ತದೆ (ಗಿಟಾರಿನ ಒಂದು ಮೆಟ್ಟಿಲಿಗೆ 100 ಸೆಂಟ್ಸ್). ಕಿವಿಯನ್ನು ನಂಬಿ ಬೆರಳಿಡುವ ಪಿಟೀಲುವಾದಕರು ಎಳೆದು ನಿಲ್ಲುವ ಸ್ವರದಲ್ಲಿ ಶುದ್ಧವಾದ 386ರ ಕಡೆಗೆ ವಾಲುತ್ತಾರೆ. ನಡುವೆ 14 ಸೆಂಟ್ಸ್ ಅಂತರ, ಎರಡೂ ಸ್ವರ ಒಟ್ಟಿಗೆ ನಿಂತಾಗ ಕಿವಿಗೆ ಚುಚ್ಚುವಷ್ಟು. ಯಾರನ್ನೂ ತಿದ್ದಲು ಹೋಗಬೇಡಿ. ಪಿಟೀಲು ಆ ಸ್ವರವನ್ನು ಹಿಡಿದು ನಿಲ್ಲುವ ಕಡೆ ಗಿಟಾರು ತನ್ನ ಕಾರ್ಡಿನಿಂದ (ಒಟ್ಟಿಗೆ ಹಿಡಿಯುವ ಸ್ವರಗುಂಪಿನಿಂದ) ಮೂರನೇ ಸ್ವರವನ್ನು ತೆಗೆದು ಷಡ್ಜ ಪಂಚಮ ಮಾತ್ರ ಹಿಡಿಯಲಿ. ಜಾನಪದ ರಾಕ್‌ನಲ್ಲಿ ಮೂರನೇ ಸ್ವರವಿಲ್ಲದ ತೆರೆದ ಟ್ಯೂನಿಂಗ್‌ಗಳು (ಬರೀ ತಂತಿ ಮೀಟಿದರೂ ಕಾರ್ಡ್ ಕೇಳುವ ಶ್ರುತಿಗಳು) ಇಷ್ಟು ಹಿಡಿಸುವುದಕ್ಕೆ ಇದೂ ಒಂದು ಕಾರಣ.

ಅಕಾರ್ಡಿಯನ್, ಹಾರ್ಮೋನಿಯಂಗಳ ವಿಷಯ ಬೇರೆ. ಗಾಳಿಗೆ ಕಂಪಿಸುವ ಲೋಹದ ನಾಲಗೆಗಳಿರುವ ಈ ರೀಡ್ ವಾದ್ಯಗಳನ್ನು ಸ್ಟುಡಿಯೋದಲ್ಲಿ ಕೂತು ತಿದ್ದಲಾಗದು. ಮೊದಲ ದಿನವೇ ಅದನ್ನು ಟ್ಯೂನರಿನಲ್ಲಿ ಅಳೆಯಿರಿ. ‘ಎ’ ಸ್ವರಕ್ಕೆ ರೂಢಿಯ 440ರ ಬದಲು 442 ಹರ್ಟ್ಸ್ ತೋರಿಸಿದರೆ ಉಳಿದೆಲ್ಲ ವಾದ್ಯಗಳನ್ನೂ 442ಕ್ಕೆ ಏರಿಸಿ. ಕೆಲವು ಅಕಾರ್ಡಿಯನ್‌ಗಳಲ್ಲಿ ಜೋಡಿ ರೀಡ್‌ಗಳನ್ನು ಬೇಕೆಂದೇ ಕೊಂಚ ಹೆಚ್ಚುಕಡಿಮೆ ಮಾಡಿ ಕಂಪನ ತಂದಿರುತ್ತಾರೆ. ಅಂಥದ್ದರಲ್ಲಿ ಒಂದೇ ರೀಡ್ ಹಾಡುವಂತೆ ಸ್ವಿಚ್ ಹಾಕಿ ಅಳೆಯಬೇಕು.

ಗಿಟಾರ್, ಮ್ಯಾಂಡೊಲಿನ್‌ಗಳಿಗೆ ಹೊಸ ತಂತಿ ಹಿಂದಿನ ದಿನ ಹಾಕಿ, ಎಳೆದೆಳೆದು ಬಿಡಿ. ಅದೇ ಬೆಳಗ್ಗೆ ಹಾಕಿದರೆ ದಿನವಿಡೀ ಇಳಿಯುತ್ತಾ ಇರುತ್ತದೆ. ಕಾಪೊ ಹಾಕಿದಾಗ ತಂತಿ ಒತ್ತಿ ಸ್ವರ ಸ್ವಲ್ಪ ಏರುತ್ತದೆ, ಹಾಕಿದ ಮೇಲೆಯೇ ಶ್ರುತಿ ಮಾಡಿ. ಕೋಣೆಯ ತೇವಾಂಶ ನೂರಕ್ಕೆ 45ರಿಂದ 55ರ ನಡುವೆ ನಿಂತಿದ್ದರೆ ಮರದ ವಾದ್ಯಗಳು ಹಟ ಮಾಡುವುದಿಲ್ಲ.

ಬೇಸಿಕ್ ಟ್ರ್ಯಾಕ್: ಎಲ್ಲರೂ ಇರುವ ದಿನಗಳು

ಬೇಸಿಕ್ ಟ್ರ್ಯಾಕ್ ಎಂದರೆ ಎಲ್ಲರೂ ಒಟ್ಟಿಗೆ ನುಡಿಸುವ ಹಾಡಿನ ಬುನಾದಿ. ಹತ್ತು ಹಾಡಿಗೆ ನಾಲ್ಕು ದಿನ ಇಟ್ಟುಕೊಳ್ಳಿ. ಮೊದಲ ದಿನ ಮೈಕ್ ಹೊಂದಿಸುವುದರಲ್ಲೇ ಮಧ್ಯಾಹ್ನ ದಾಟುತ್ತದೆ, ಎಲ್ಲರಿಗೂ ಚೆನ್ನಾಗಿ ಕೈಗೆ ಹತ್ತಿದ ಒಂದೇ ಹಾಡನ್ನು ತೆಗೆಯಿರಿ. ಉಳಿದ ಮೂರು ದಿನ ತಲಾ ಮೂರು ಹಾಡು. ಅತಿ ಹೆಚ್ಚು ವಾದ ಎಬ್ಬಿಸುವ ಹಾಡನ್ನು ಮೂರನೇ ದಿನದ ಬೆಳಗ್ಗೆಗೆ ಇಡಿ. ಮೊದಲಿಗೇ ಇಟ್ಟರೆ ಮನಸ್ಸು ಕೆಡುತ್ತದೆ, ಕೊನೆಗೆ ಇಟ್ಟರೆ ದಣಿವು ಮಾತಾಡುತ್ತದೆ.

ಬ್ಲೀಡ್ ಅಂದರೆ ಒಬ್ಬರ ಮೈಕಿಗೆ ಇನ್ನೊಬ್ಬರ ಸದ್ದು ಸೋರುವುದು. ಜಾನಪದ ರಾಕ್‌ಗೆ ಸ್ವಲ್ಪ ಸೋರಿಕೆ ಚೆಂದ, ಎಲ್ಲರೂ ಒಂದೇ ಕೋಣೆಯಲ್ಲಿದ್ದಂತೆ ಕೇಳಿಸುತ್ತದೆ. ಆದರೆ ಒಡಕು ಬಿದ್ದ ಬ್ಯಾಂಡಿನಲ್ಲಿ ಇದು ಬರೀ ಸದ್ದಿನ ಪ್ರಶ್ನೆಯಲ್ಲ. ಯಾರ ಸದ್ದು ಉಳಿದವರ ಮೈಕುಗಳಿಗೆ ಸೋರಿರುತ್ತದೋ ಅವರ ನುಡಿಸಾಣಿಕೆಯನ್ನು ಆಮೇಲೆ ತೆಗೆಯಲಾಗದು, ಮತ್ತೊಬ್ಬರಿಂದ ನುಡಿಸಲೂ ಆಗದು. ಹಳೆಯ ಟೇಕು ಹಿನ್ನೆಲೆಯಲ್ಲಿ ಭೂತದಂತೆ ಕೇಳುತ್ತಲೇ ಇರುತ್ತದೆ. ಆದ್ದರಿಂದ ಬಿಟ್ಟುಹೋಗುವ ಸಾಧ್ಯತೆ ಯಾರದೋ ಅವರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಕಿಟಕಿಯಲ್ಲಿ ಕಣ್ಣಿಗೆ ಕಣ್ಣು ಸಿಗುವಂತಿರಲಿ. ಕಾರಣ ಕೇಳಿದರೆ ಧ್ವನಿಯ ಸ್ಪಷ್ಟತೆಗೆ ಎನ್ನಿ, ಅದೂ ಸುಳ್ಳಲ್ಲ. ಬೇಸನ್ನು, ಮೈಕಿಲ್ಲದೆ ವೈರಿನಲ್ಲೇ ಸದ್ದು ಕಳಿಸುವ ಡಿಐ ಪೆಟ್ಟಿಗೆಗೆ ನೇರವಾಗಿ ಕೊಡಿ, ಎಲೆಕ್ಟ್ರಿಕ್ ಗಿಟಾರಿನ ಆಂಪ್ಲಿಫೈಯರನ್ನು ಹೊರಗಿಟ್ಟು ಬಾಗಿಲು ಮುಚ್ಚಿ, ಡ್ರಮ್ಮರ್ ಕೈಗೆ ಕಡ್ಡಿಕಟ್ಟಿನ ರಾಡ್ ಅಥವಾ ಬ್ರಷ್ ಕೊಡಿ. ಕೋಲಿನಿಂದ ಬಾರಿಸಿದ ಸ್ನೇರ್ ಡ್ರಮ್ ಅಕೌಸ್ಟಿಕ್ ಗಿಟಾರಿನ ಮೈಕಿನಲ್ಲಿ ಗಿಟಾರಿಗಿಂತ ಜೋರಾಗಿ ಕೂರುತ್ತದೆ.

ಅಕೌಸ್ಟಿಕ್ ಗಿಟಾರಿಗೆ ಸಣ್ಣ ಡಯಾಫ್ರಂ ಕಂಡೆನ್ಸರ್ ಮೈಕನ್ನು ಹನ್ನೆರಡನೇ ಮೆಟ್ಟಿಲಿನ ಎದುರು, 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಇಡಿ. ನಡುವಿನ ತೂತಿಗೆ ನೇರ ಇಟ್ಟರೆ 100 ಹರ್ಟ್ಸ್ ಸುತ್ತಮುತ್ತ ಗುಮ್ಮೆಂದು ಬೇಸಿನ ಜಾಗ ತಿನ್ನುತ್ತದೆ. ಗಿಟಾರಿನೊಳಗೆ ಕಂಪನ ಹಿಡಿಯುವ ಪಿಯೆಜೊ ಪಿಕಪ್ಪಿನ ಸದ್ದನ್ನೂ ಬೇರೆ ಟ್ರ್ಯಾಕಿಗೆ ತೆಗೆದುಕೊಳ್ಳಿ, ಆದರೆ ಅದು ವಿಮೆ ಮಾತ್ರ. ಅದರ ಕೊರಕಲು ದನಿ ಮುಂದೆ ಬರಬಾರದು. ಎರಡನ್ನೂ ಬೆರೆಸುವುದಾದರೆ 30 ಸೆಂಟಿಮೀಟರ್ ದೂರದ ಮೈಕಿಗೆ ಸದ್ದು ಸುಮಾರು 0.9 ಮಿಲಿಸೆಕೆಂಡ್ ತಡವಾಗಿ ತಲುಪಿರುತ್ತದೆ ಎಂಬುದು ನೆನಪಿರಲಿ. ಆ ಅಂತರ ಸರಿಪಡಿಸದಿದ್ದರೆ ದನಿ ತೆಳುವಾಗುತ್ತದೆ. ಪಿಟೀಲಿಗೆ 60ರಿಂದ 90 ಸೆಂಟಿಮೀಟರ್ ಮೇಲಿನಿಂದ. ರಿಬ್ಬನ್ ಮೈಕ್ ಇದ್ದರೆ ಅದನ್ನೇ, ಕಮಾನಿನ ಕರ್ಕಶ ಅಂಚು ತಗ್ಗುತ್ತದೆ. ಅಕಾರ್ಡಿಯನ್‌ಗೆ ಎರಡು ಕೈಗೂ ಒಂದೊಂದು ಮೈಕು. ಗಿಟಾರ್ ನುಡಿಸುತ್ತಲೇ ಹಾಡುವವರಿಗೆ ಫಿಗರ್ ಎಯ್ಟ್ ಮೈಕ್ (ಹಿಂದೆ ಮುಂದೆ ಕೇಳಿಸಿಕೊಂಡು ಪಕ್ಕಗಳಲ್ಲಿ ಕಿವುಡಾಗಿರುವುದು) ಎರಡು ಹಚ್ಚಿ: ಹಾಡಿನ ಮೈಕಿನ ಕಿವುಡು ಪಕ್ಕ ಗಿಟಾರಿನ ಕಡೆಗೂ, ಗಿಟಾರಿನ ಮೈಕಿನದು ಬಾಯಿಯ ಕಡೆಗೂ ತಿರುಗಿರಲಿ. ಕಂಪ್ಯೂಟರಿನಲ್ಲಿ ಧ್ವನಿಮುದ್ರಣ 48 ಕಿಲೊಹರ್ಟ್ಸ್, 24 ಬಿಟ್‌ನಲ್ಲಿರಲಿ. ತುತ್ತತುದಿಯ ಮಟ್ಟ ಮೈನಸ್ 10 ಡೆಸಿಬೆಲ್ ದಾಟದಿರಲಿ.

ಅರ್ಧ ಜಗಳ ಹುಟ್ಟುವುದು ಹೆಡ್‌ಫೋನಿನಲ್ಲಿ. ಎಲ್ಲರಿಗೂ ಒಂದೇ ಮಿಕ್ಸ್ (ವಾದ್ಯಗಳ ಸದ್ದಿನ ಬೆರಕೆ) ಕೊಟ್ಟರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ, ಒಬ್ಬರು ಪಿಟೀಲು ಏರಿಸಿ ಎನ್ನುವಾಗ ಇನ್ನೊಬ್ಬರು ಇಳಿಸಿ ಎನ್ನುತ್ತಾರೆ. ತಲೆಗೊಂದು ಕ್ಯೂ ಮಿಕ್ಸ್ ಕೊಡಿ, ಗುಬುಟು ಅವರವರ ಕೈಯಲ್ಲೇ ಇರಲಿ. ಕಂಪ್ಯೂಟರಿನ ಮೂಲಕ ಕೇಳಿಸುವುದಾದರೆ ಬಫರ್ (ಕಂಪ್ಯೂಟರು ಸದ್ದನ್ನು ಒಮ್ಮೆಗೆ ಹಿಡಿದಿಟ್ಟುಕೊಳ್ಳುವ ತುಣುಕು) 64 ಅಥವಾ 128 ಸ್ಯಾಂಪಲ್ ಇಡಿ. 48 ಕಿಲೊಹರ್ಟ್ಸ್‌ನಲ್ಲಿ 128 ಎಂದರೆ ಒಂದು ದಿಕ್ಕಿಗೆ ಸುಮಾರು 2.7 ಮಿಲಿಸೆಕೆಂಡ್. 512ರಲ್ಲಿ ಬಿಟ್ಟರೆ ಡ್ರಮ್ಮರ್ ‘ಎಳೆಯುತ್ತಿದ್ದಾನೆ’ ಎಂದು ಬೈಗುಳ ತಿನ್ನುವುದು ಖಚಿತ, ತಪ್ಪು ಮಾತ್ರ ಕಂಪ್ಯೂಟರಿನದು.

ಟೇಕುಗಳಿಗೆ ಮಿತಿಯಿರಲಿ: ಒಂದು ಹಾಡಿಗೆ ಐದು. ಐದರಲ್ಲಿ ಬರದಿದ್ದರೆ ಬೇರೆ ಹಾಡಿಗೆ ಹೋಗಿ, ನಾಳೆ ಇನ್ನೆರಡು. ಯಾರಾದರೂ ಹೊಸ ಯೋಚನೆ ಹೇಳಿದರೆ ವಾದ ಬೇಡ, ಕಾಲು ಗಂಟೆಯೊಳಗೆ ನುಡಿಸಿ ನೋಡಿ. ಆಯ್ಕೆ ಮಾಡುವಾಗ ಟೇಕುಗಳಿಗೆ ಅ, ಆ ಎಂದು ಹೆಸರಿಟ್ಟು, ಯಾವುದು ಯಾರ ಯೋಚನೆಯೆಂದು ಹೇಳದೆ ಕೇಳಿಸಿ. ಎರಡರ ಸದ್ದಿನ ಮಟ್ಟ ಒಂದೇ ಇರಬೇಕು. 1 ಡೆಸಿಬೆಲ್ ಜೋರಾಗಿರುವುದು ಗುಣದಲ್ಲಿ ಮೇಲೆನಿಸಿಬಿಡುತ್ತದೆ. ದಿನಕ್ಕೆ ಎಂಟು ಗಂಟೆ ದಾಟಬೇಡಿ. ಸ್ಟುಡಿಯೋದ ಕೆಟ್ಟ ಮಾತುಗಳು ಒಂಬತ್ತನೇ ಗಂಟೆಗೆ ಬರುತ್ತವೆ.

ಕಂಠಗಳು

ಐದನೇ ದಿನ, ಬ್ಯಾಂಡ್ ಇನ್ನೂ ಒಟ್ಟಿಗಿರುವಾಗಲೇ, ಗುಂಪಾಗಿ ಹಾಡುವ ಭಾಗಗಳನ್ನೆಲ್ಲ ತೆಗೆದುಬಿಡಿ. ಮುಖ್ಯ ಗಾಯನಕ್ಕೂ ಮೊದಲೇ ಇದೆಂಥ ಕ್ರಮ ಎಂದು ಕೇಳುವವರಿರುತ್ತಾರೆ. ಎಡವುವುದೂ ಇಲ್ಲೇ: ಮುಖ್ಯ ಗಾಯಕರು ಆಮೇಲೆ ಬೇರೆ ರೀತಿ ಎಳೆದು ಹಾಡಿದರೆ ಜೊತೆಯ ದನಿಗಳ ವ್ಯಂಜನಗಳು ಕೂಡುವುದಿಲ್ಲ, ಸಾಲಿನ ಕೊನೆಯ ‘ತ’, ‘ಸ’ಗಳು ಮೂರು ಸಲ ಕೇಳುತ್ತವೆ. ಅದಕ್ಕೆ ಬೇಸಿಕ್ ಟ್ರ್ಯಾಕ್ ಹೊತ್ತಿನ ಗೈಡ್ ಗಾಯನವನ್ನು (ಉಳಿದವರಿಗೆ ದಾರಿ ತೋರಲು ಹಾಡುವ ತಾತ್ಕಾಲಿಕ ಗಾಯನ) ಗೈಡ್ ಎಂದು ತಿಳಿಯದೆ ಒಳ್ಳೆಯ ಮೈಕಿನಲ್ಲಿ, ಪ್ರತ್ಯೇಕ ಬೂತಿನಲ್ಲಿ, ಅಂತಿಮವೆಂಬಂತೆ ಹಾಡಿಸಿ. ಎಷ್ಟೋ ಸಲ ಅದೇ ಉಳಿಯುತ್ತದೆ. ಜೊತೆಯಲ್ಲಿ ಹಾಡುವವರು ಸಾಲಿನ ಕೊನೆಯ ವ್ಯಂಜನವನ್ನು ನುಂಗಲಿ, ಮುಖ್ಯ ದನಿಯೊಂದೇ ಅದನ್ನು ಉಚ್ಚರಿಸಲಿ.

ಮೂವರು ಒಂದೇ ಮೈಕಿನ ಸುತ್ತ ನಿಂತರೆ ದನಿಗಳು ತಾವಾಗಿ ಬೆರೆಯುತ್ತವೆ, ಜೋರಿರುವವರು ಅರ್ಧ ಹೆಜ್ಜೆ ಹಿಂದೆ ನಿಂತರಾಯಿತು. ಆದರೆ ಒಬ್ಬರ ಶ್ರುತಿ ತಪ್ಪಿದರೆ ಮೂವರೂ ಮತ್ತೆ ಹಾಡಬೇಕು. ಮುಖ ನೋಡಲೊಲ್ಲದವರನ್ನು ಒಂದೇ ಮೈಕಿಗೆ ನಿಲ್ಲಿಸಿದರೆ ದನಿಯಲ್ಲೇ ಬಿಗಿ ಕಾಣುತ್ತದೆ. ಅಂಥವರಿಗೆ ಬೇರೆಬೇರೆ ಮೈಕ್, ಬೇರೆಬೇರೆ ಹೊತ್ತು. ಒಬ್ಬರ ಗಂಟಲು ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ತಾಳುವುದಿಲ್ಲ.

ಇಲ್ಲಿಂದ ಮುಂದೆ ಓವರ್‌ಡಬ್‌ಗಳಿಗೆ, ಅಂದರೆ ಬೇಸಿಕ್ ಟ್ರ್ಯಾಕಿನ ಮೇಲೆ ಕೂಡಿಸುವ ನುಡಿಸಾಣಿಕೆಗೆ, ಬೇಕಾದವರು ಮಾತ್ರ ಬರಲಿ: ನುಡಿಸುವವರು, ಇಂಜಿನಿಯರ್, ಆ ಹಾಡಿನ ಯಜಮಾನರು. ಸೋಫಾದ ಮೇಲೆ ಸುಮ್ಮನೆ ಕೂತ ನಾಲ್ಕನೆಯವರು ಏನೂ ಹೇಳದೆ ನಿಟ್ಟುಸಿರು ಬಿಟ್ಟರೂ ಟೇಕು ಹಾಳು.

ಮಿಕ್ಸಿಂಗ್

ದಿನಕ್ಕೆ ಒಂದು ಹಾಡು, ಕೋಣೆಯಲ್ಲಿ ಇಂಜಿನಿಯರ್ ಒಬ್ಬರೇ. ಕಂಠದಿಂದ ಶುರುಮಾಡಿ, ಅದರ ಸುತ್ತ ಒಂದೊಂದೇ ವಾದ್ಯ ತನ್ನಿ. ಅಕೌಸ್ಟಿಕ್ ಗಿಟಾರ್, ಮ್ಯಾಂಡೊಲಿನ್, ಬ್ಯಾಂಜೊ, ಪಿಟೀಲು ಎಲ್ಲವೂ 2ರಿಂದ 4 ಕಿಲೊಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳುತ್ತವೆ, ಮಾತಿನ ಸ್ಪಷ್ಟತೆ ಇರುವುದೂ ಅಲ್ಲೇ. ಈಕ್ವಲೈಜರಿನಿಂದ ಕೊರೆಯುವುದಕ್ಕಿಂತ ಒಂದನ್ನು ಮ್ಯೂಟ್ ಮಾಡುವುದು ಮೇಲು: ಚರಣದಲ್ಲಿ ಮ್ಯಾಂಡೊಲಿನ್ ಇಲ್ಲ, ಪಲ್ಲವಿಗೆ ಬರುತ್ತದೆ. ಮ್ಯೂಟ್ ಆದವರಿಗೆ ನೋವಾಗುತ್ತದೆ ನಿಜ. ಅದಕ್ಕೇ ನಾಲ್ಕು ಸಾಲಾದರೂ ಅವರೊಬ್ಬರೇ ಮುಂದೆ ಬರುವ ಜಾಗ ಆಲ್ಬಮ್ಮಿನಲ್ಲಿ ಎಲ್ಲೋ ಇರುವಂತೆ ಸಂಯೋಜನೆಯ ಹೊತ್ತಿನಲ್ಲೇ ನೋಡಿಕೊಳ್ಳಬೇಕು. ಗಿಟಾರ್, ಮ್ಯಾಂಡೊಲಿನ್‌ಗಳಲ್ಲಿ 80ರಿಂದ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ.

ತಮ್ಮ ವಾದ್ಯವನ್ನು ಏರಿಸಿ ಎಂದು ಎಲ್ಲರೂ ಕೇಳುತ್ತಾರೆ. ಎಲ್ಲವನ್ನೂ ಏರಿಸಿದರೆ ಹಾಡು ಮೊದಲಿದ್ದಂತೆಯೇ ಇರುತ್ತದೆ, ಕಂಠ ಮಾತ್ರ ಮುಳುಗಿರುತ್ತದೆ. ಹಾಡಿಗೆ ಒಂದೇ ಟಿಪ್ಪಣಿಪಟ್ಟಿ, ಅದನ್ನು ಕಳಿಸುವುದು ಯಜಮಾನರೊಬ್ಬರೇ, ಒಟ್ಟು ಮೂರು ಸುತ್ತು. ಟಿಪ್ಪಣಿಯಲ್ಲಿ ಸಮಯ ನಮೂದಿಸಿ: ‘2:14ಕ್ಕೆ ಪಿಟೀಲು ಮಾತನ್ನು ಮುಚ್ಚುತ್ತಿದೆ’ ಎಂದರೆ ತಿದ್ದಬಹುದು, ‘ಜೀವ ಇಲ್ಲ’ ಎಂದರೆ ಏನು ಮಾಡುವುದು? ತಮ್ಮ ವಾದ್ಯದ ಬಗ್ಗೆ ಬರೆಯುವಂತಿಲ್ಲ, ಉಳಿದವರದ್ದರ ಬಗ್ಗೆ ಮಾತ್ರ ಬರೆಯಬೇಕು ಎಂಬ ನಿಯಮ ಹಾಕಿ ನೋಡಿ, ಪಟ್ಟಿ ಅರ್ಧಕ್ಕಿಳಿಯುತ್ತದೆ. ಸಣ್ಣ ಸ್ಪೀಕರಿನಲ್ಲಿ, ಮೊನೊದಲ್ಲಿ, ತಗ್ಗಿದ ದನಿಯಲ್ಲಿ ಪದಗಳು ತಿಳಿದರೆ ಮಿಕ್ಸ್ ಆಯಿತು.

ಮಾಸ್ಟರಿಂಗ್‌ಗೆ, ಅಂದರೆ ಮಿಕ್ಸ್ ಆದ ಹಾಡುಗಳನ್ನು ಬಿಡುಗಡೆಗೆ ಅಣಿಗೊಳಿಸುವ ಕೊನೆಯ ಕೆಲಸಕ್ಕೆ, ಈವರೆಗೆ ಈ ಹಾಡುಗಳನ್ನು ಕೇಳದವರೊಬ್ಬರನ್ನು ಹಿಡಿಯಿರಿ. ಟ್ರೂ ಪೀಕ್ (ಸದ್ದಿನ ನಿಜವಾದ ತುತ್ತತುದಿ) ಮೈನಸ್ 1 ಡೆಸಿಬೆಲ್ ಒಳಗಿರಲಿ. ಸ್ಟ್ರೀಮಿಂಗ್ ಸೇವೆಗಳಲ್ಲಿ ಹಲವು ಹಾಡುಗಳನ್ನು ಮೈನಸ್ 14 ಲಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ) ಆಸುಪಾಸಿಗೆ ತಂದು ಕೇಳಿಸುವುದರಿಂದ ಒತ್ತಿ ಒತ್ತಿ ಜೋರು ಮಾಡಿ ಪ್ರಯೋಜನವಿಲ್ಲ. ವಿನೈಲಿಗೆ ಬೇರೆ ಮಾಸ್ಟರ್ ಬೇಕು: ಕೆಳಗಿನ ಬೇಸ್ ನಡುವಿನಲ್ಲಿ, ಮೊನೊ; ‘ಸ’, ‘ಶ’ಗಳ ಸೀಟಿ ತಗ್ಗಿರಬೇಕು; ಅಬ್ಬರದ ಹಾಡು ಬದಿಯ ಕೊನೆಗೆ ಬೇಡ, ಒಳಗಿನ ಗೆರೆಗಳಲ್ಲಿ ದನಿ ಒಡೆಯುತ್ತದೆ.

ಫೈಲುಗಳು ಮತ್ತು ಹೆಸರುಗಳು

ಸೆಷನ್ ಫೈಲು ಒಬ್ಬರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರಬಾರದು; ಜಗಳವಾದ ದಿನ ಆ ಲ್ಯಾಪ್‌ಟಾಪೇ ಆಯುಧ. ಪ್ರತಿ ಸಂಜೆ ಎರಡು ಡಿಸ್ಕಿಗೆ, ಮತ್ತೊಂದು ಪ್ರತಿ ಬೇರೆ ಜಾಗದಲ್ಲಿ. ಕೊನೆಯಲ್ಲಿ ಪ್ರತಿ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದ ಶುರುವಾಗುವ ವೇವ್ ಫೈಲಾಗಿ ತೆಗೆದು, ಟೆಂಪೊ ಮ್ಯಾಪಿನೊಂದಿಗೆ ಎಲ್ಲರಿಗೂ ಒಂದೊಂದು ಪ್ರತಿ ಕೊಡಿ. ಹೀಗಿದ್ದರೆ ಯಾವ ಸಾಫ್ಟ್‌ವೇರಿನಲ್ಲಾದರೂ ತೆರೆಯಬಹುದು.

ಪ್ರತಿ ಹಾಡಿಗೂ ಧ್ವನಿಮುದ್ರಣವನ್ನು ಗುರುತಿಸುವ, 12 ಅಕ್ಷರ ಮತ್ತು ಅಂಕಿಗಳ ಐಎಸ್‌ಆರ್‌ಸಿ ಸಂಕೇತ ಬೇಕು. ಅದರೊಂದಿಗೆ ಹೋಗುವ ಹೆಸರುಗಳನ್ನು ಪಾಲುಪಟ್ಟಿಯಿಂದಲೇ ಅಕ್ಷರಶಃ ನಕಲು ಮಾಡಿ, ನೆನಪಿನಿಂದ ಬರೆಯಬೇಡಿ. ಯಾರು ಯಾವ ಹಾಡಿನಲ್ಲಿ ಯಾವ ವಾದ್ಯ ನುಡಿಸಿದರು ಎಂಬುದನ್ನು ಓವರ್‌ಡಬ್ ದಿನವೇ ಟ್ರ್ಯಾಕಿನ ಹೆಸರಿನಲ್ಲಿ ಸೇರಿಸಿಟ್ಟರೆ ಕವರಿನ ಹಿಂಬದಿ ತಾನಾಗಿ ತಯಾರಾಗುತ್ತದೆ. ಅಷ್ಟರಲ್ಲಿ ಬಿಟ್ಟುಹೋದವರಿದ್ದರೂ ಅವರ ಹೆಸರು ಉಳಿದವರಷ್ಟೇ ದಪ್ಪ ಅಕ್ಷರದಲ್ಲಿ, ಅಕಾರಾದಿಯಲ್ಲಿ ಬರಲಿ, ಮತ್ತು ಅಚ್ಚಿಗೆ ಕಳಿಸುವ ಮೊದಲು ಆ ಪುಟದ ಕರಡನ್ನು ಅವರಿಗೂ ಕಳಿಸಿ ಒಪ್ಪಿಗೆಯನ್ನು ಬರಹದಲ್ಲಿ ತರಿಸಿಕೊಳ್ಳಿ.